ಪಾಸಿನ ಡಬ್ಬಿ

ಒಬ್ಬ ಮನುಷ್ಯನನ್ನು ನಾನು ಒಂದೂವರೆ ವರ್ಷ ದಿನಾ ಬೆಳಿಗ್ಗೆ ಬೈದಿದ್ದೇನೆ. ಹಲ್ಲುಜ್ಜುವಾಗ ಬೈದಿದ್ದೇನೆ, ಜಡೆ ಹಾಕಿಕೊಳ್ಳುವಾಗ ಬೈದಿದ್ದೇನೆ, ಶಿಗ್ಗಾವಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಿಂತು ಕಾಲು ಸೋತಾಗಲಂತೂ ಬಾಯಿಗೆ ಬಂದ ಹಾಗೆ ಬೈದಿದ್ದೇನೆ. ಅವನ ಹೆಸರು ನನಗೆ ಗೊತ್ತಿರಲಿಲ್ಲ. ಮುಖ ಗೊತ್ತಿತ್ತು, ಅಷ್ಟು ಸಾಕಾಗಿತ್ತು.

ನನ್ನ ತವರು ಹಾನಗಲ್ ಕಡೆ. ಅಲ್ಲಿ ಭತ್ತ ಇದೆ, ಕಬ್ಬು ಇದೆ, ರೈಲು ಇಲ್ಲ. ಸವಣೂರು ತಾಲ್ಲೂಕಿನ ಈ ಊರಿನಿಂದ ಸಂಬಂಧ ಬಂದಾಗ ನಾನಾಗಲೇ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಅಪ್ಪ ಹುಡುಗನನ್ನು ಅರ್ಧ ಗಂಟೆ ನೋಡಿದ, ಸ್ಟೇಷನ್ನನ್ನು ಒಂದು ಗಂಟೆ ನೋಡಿದ. ಮುಂಜಾನೆಯ ಪ್ಯಾಸೆಂಜರ್ ಬಂದು ನಿಂತು ಹೋಗುವವರೆಗೂ ಕಲ್ಲಿನ ಬೆಂಚಿನಿಂದ ಏಳಲಿಲ್ಲವಂತೆ. ಮನೆಗೆ ಬಂದು, "ಗಾಡಿ ನಿಲ್ಲತೈತಿ, ನಿನ್ನ ನೌಕರಿ ಉಳೀತೈತಿ. ಹೂಂ ಅಂದುಬಿಡವ್ವ," ಎಂದ. ನಾನು ಹೂಂ ಅಂದದ್ದು ಗಂಡನಿಗೋ ಗಾಡಿಗೋ ಎಂದು ನನ್ನ ಗಂಡ ಇವತ್ತಿಗೂ ಕೇಳುತ್ತಾನೆ.

ಹನ್ನೆರಡು ವರ್ಷ ಆ ಗಾಡಿಯಲ್ಲಿ ಓಡಾಡಿದೆ. ಹೆಣ್ಣುಮಕ್ಕಳೆಲ್ಲ ಹಿಂದಿನಿಂದ ಎರಡನೇ ಡಬ್ಬಿಗೆ ಹತ್ತುತ್ತಿದ್ದೆವು. ಹಿರೇಬೆಂಡಿಗೇರಿ ಕಡೆಯಿಂದ ಅಣ್ಣಂದಿರ, ಗಂಡಂದಿರ ಬೈಕಿನ ಹಿಂದೆ ಕೂತು ಬರುವವರೂ ಇದ್ದರು. ಹುಬ್ಬಳ್ಳಿ ಮಾರ್ಕೆಟ್ಟಿಗೆ ಸೊಪ್ಪು-ತರಕಾರಿಯ ಬುಟ್ಟಿ ಒಯ್ಯುತ್ತಿದ್ದ ನಮ್ಮ ಊರಿನ ಪಲ್ಲೆ ಮಾರುವಾಕೆ ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿಯ ಪಕ್ಕದ ಜಾಗದ ಮೇಲೆ ತನ್ನ ಕೆಂಪು ಟವೆಲ್ ಹಾಸಿ ನನಗಾಗಿ ಹಿಡಿದಿಡುತ್ತಿದ್ದಳು. ಆ ಟವೆಲ್ ಮೇಲೆ ಬೇರೆಯವರು ಕೂತರೆ ಆಕೆಯ ಬಾಯಿಂದ ಬರುವ ಮಾತು ಕೇಳಿ ಡಬ್ಬಿ ಅರ್ಧ ಖಾಲಿಯಾಗುತ್ತಿತ್ತು. ಅದಕ್ಕೆ ಬದಲು ನಾನು ಆಕೆಯ ಪಾಸು ತೆಗೆಸಿಕೊಡುತ್ತಿದ್ದೆ.

ಆಕೆಯದಷ್ಟೇ ಅಲ್ಲ, ಎಲ್ಲರದೂ. ನಮ್ಮ ಊರಿನ ಟಿಕೆಟ್ ಕಿಟಕಿ ಗಾಡಿ ಬರುವ ಸ್ವಲ್ಪ ಹೊತ್ತಿನ ಮುಂಚೆ ತೆರೆಯುತ್ತದೆ. ಅಷ್ಟರಲ್ಲಿ ಒಬ್ಬರ ಪಾಸು ಬರೆಸುವುದೇ ಕಷ್ಟ. ಪಾಸು ಎರಡು ಕಡೆಯ ಯಾವ ಸ್ಟೇಷನ್ನಿನಲ್ಲಿ ತೆಗೆಸಿದರೂ ನಡೆಯುತ್ತದೆ. ಹಾಗಾಗಿ ತಿಂಗಳ ಕೊನೆಗೆ ಎಲ್ಲರ ಹಳೆಯ ಪಾಸನ್ನು ಒಂದು ಬಿಸ್ಕಿಟ್ ಡಬ್ಬಿಯಲ್ಲಿ ಹಾಕಿಕೊಂಡು, ಕೆಲಸ ಮುಗಿದ ಮೇಲೆ ಹುಬ್ಬಳ್ಳಿಯ ಕಿಟಕಿಯಲ್ಲಿ ಒಂದೇ ಸಲಕ್ಕೆ ಹೊಸದು ಮಾಡಿಸಿ ತರುತ್ತಿದ್ದೆ. "ಅಕ್ಕ ಇರೂದಕ್ಕ ನಮಗ ಚಿಂತಿಲ್ಲ," ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಒಳಗೊಳಗೇ ಹಿಗ್ಗು.

ನಾನು ಬೈಯುವ ಆ ಮನುಷ್ಯ ನಮ್ಮ ಊರಿಗೆ ಬಂದದ್ದು ನನ್ನ ವಾರದ ರಜೆಯ ದಿನ. ಹುಬ್ಬಳ್ಳಿ ಬೆಳೆಯುತ್ತಿದೆ, ಸುತ್ತಲಿನ ಊರುಗಳಿಂದ ನಗರಕ್ಕೆ ವೇಗದ ರೈಲು ಬೇಕು, ಅದಕ್ಕಾಗಿ ಯಾವ ಸ್ಟೇಷನ್ ಇಡಬೇಕು, ಯಾವುದು ಬಿಡಬೇಕು ಎಂದು ನೋಡುವುದು ಅವನ ಕೆಲಸವಂತೆ. ಬೆಂಗಳೂರು ಕಡೆಯ ಮಾತು, ತಲೆಗೆ ಟೊಪ್ಪಿಗೆ, ಕೈಯಲ್ಲಿ ಸ್ಲೇಟಿನಷ್ಟು ದೊಡ್ಡ ಫೋನು. ಜೀಪು ಇಳಿದಾಗ ಹೊತ್ತು ಹನ್ನೊಂದು. ಮುಂಜಾನೆಯ ಗಾಡಿ ಹೋಗಿ ಐದು ತಾಸಾಗಿತ್ತು, ಮುಂದಿನದು ಬರುವುದು ಸಂಜೆಗೆ. ಪ್ಲಾಟ್‌ಫಾರ್ಮಿನಲ್ಲಿ ಒಂದು ನಾಯಿ ಮಲಗಿತ್ತು, ನಾಲ್ಕು ಆಡು ಮೇಯುತ್ತಿದ್ದವು. ಅವನು ಅದರ ಫೋಟೋ ಹೊಡೆದುಕೊಂಡ.

ನಮ್ಮ ಮನೆ ಸ್ಟೇಷನ್ನಿಗೆ ಹತ್ತಿದಂತೆಯೇ ಇದೆ. ಬಿಸಿಲಲ್ಲಿ ನಿಂತವರನ್ನು ಹಾಗೇ ಕಳಿಸುವುದು ನಮ್ಮ ರೂಢಿಯಲ್ಲ. ಕರೆದು ಕೂರಿಸಿ ಚುರುಮರಿ ನೆನೆಸಿ ಒಗ್ಗರಣೆ ಹಾಕಿ ಸೂಸಲಾ ಮಾಡಿಕೊಟ್ಟೆ, ಮೇಲೆ ಪುಠಾಣಿ ಹಿಟ್ಟು, ಸೌತೆಕಾಯಿ ಚೂರು. ಎರಡು ಸಲ ಹಾಕಿಸಿಕೊಂಡ. "ತುಂಬಾ ಚೆನ್ನಾಗಿದೆ ಅಮ್ಮ. ನಿಮ್ಮ ಊರಿನ ಬಗ್ಗೆ ಒಳ್ಳೇದೇ ಬರೀತೀನಿ," ಎಂದು ಕೈ ತೊಳೆದು ಹೋದ.

ಆರು ತಿಂಗಳಲ್ಲಿ ಮುಂಜಾನೆಯ ಗಾಡಿ ನಮ್ಮ ಊರಲ್ಲಿ ನಿಲ್ಲುವುದು ಬಂದಾಯಿತು. ಸಂಜೆಯದು ಮಾತ್ರ ಉಳಿಯಿತು. ಗೋಡೆಗೆ ಅಂಟಿಸಿದ ಕಾಗದದಲ್ಲಿ ಪ್ರಯಾಣಿಕರ ಕೊರತೆ ಎಂದಿತ್ತು. ಅದನ್ನು ಓದಿ ಮೈಯೆಲ್ಲ ಉರಿದುಹೋಯಿತು. ನನ್ನ ಕೈಯ ಸೂಸಲಾ ತಿಂದು ನನ್ನ ಅನ್ನಕ್ಕೇ ಕಲ್ಲು ಹಾಕಿದ್ದ.

ಆಮೇಲೆ ಟಂಟಂ ಆಟೋದಲ್ಲಿ ಶಿಗ್ಗಾವಿ, ಅಲ್ಲಿಂದ ಬಸ್ಸಿನಲ್ಲಿ ಹುಬ್ಬಳ್ಳಿ. ಟಂಟಂ ತುಂಬದೆ ಹೊರಡುವುದಿಲ್ಲ. ಎಂಟಕ್ಕೆ ಲ್ಯಾಬಿನಲ್ಲಿರಬೇಕಾದವಳು ಹತ್ತಕ್ಕೆ ಮುಟ್ಟತೊಡಗಿದೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ನನಗಾಗಿ ಕಾಯುತ್ತಾರೆಯೇ? ಮೂರನೇ ತಿಂಗಳಿಗೆ ನನ್ನನ್ನು ರೆಕಾರ್ಡ್ ರೂಮಿಗೆ ಹಾಕಿದರು. ಎಂಥ ಕೈಯಾದರೂ ಒಂದೇ ಚುಚ್ಚಿಗೆ ನರ ಹಿಡಿಯುತ್ತಿದ್ದವಳು ನಾನು. ಈಗ ಧೂಳು ಫೈಲು ಕೊಡವುತ್ತ ಕೂತೆ. ಪಲ್ಲೆ ಮಾರುವಾಕೆಯದು ಇನ್ನೂ ಕೆಟ್ಟಿತು. ಆಕೆಯ ಬುಟ್ಟಿಗೆ ಬಸ್ಸಿನಲ್ಲಿ ಜಾಗ ಕೊಡಲಿಲ್ಲ, ಮಾರ್ಕೆಟ್ಟಿನ ಜಾಗ ಬೇರೆಯವರ ಪಾಲಾಯಿತು. ಹುಬ್ಬಳ್ಳಿಯಲ್ಲಿ ಮೂರು ಮನೆಯ ಪಾತ್ರೆ ತಿಕ್ಕುವ ಕೆಲಸ ಹಿಡಿದಳು.

ಸಂಜೆ ಗಾಡಿಯಲ್ಲಿ ನಮ್ಮ ಮಾತೆಲ್ಲ ಅವನದೇ. ಶುರು ಮಾಡುತ್ತಿದ್ದವಳು ನಾನೇ. "ಅಂವಾ ಕೈಗೆ ಸಿಗಬೇಕು," ಎನ್ನುತ್ತಿದ್ದೆ. "ಸಿಕ್ಕ್ರ ಏನ್ ಮಾಡ್ತೀ ಅಕ್ಕಾ?" ಎಂದು ಪಲ್ಲೆಯಾಕೆ ಕೇಳುತ್ತಿದ್ದಳು. ದಿನಕ್ಕೊಂದು ಶಿಕ್ಷೆ ಹೇಳಿ ನಗಿಸುತ್ತಿದ್ದೆ. ಆಕೆ ಮಾತ್ರ ನಗುತ್ತಿರಲಿಲ್ಲ. "ನಮ್ಮ ಗಾಡಿ ಕಳದಾವ್ರು ಯಾರ ಇರ್ಲಿ, ನಾ ಅವರ ಮಾರಿ ನೋಡೂದಿಲ್ಲ," ಎನ್ನುತ್ತಿದ್ದಳು. ಹಾಗೆ ಸಿಟ್ಟು ಹಿಡಿಯುವುದನ್ನು ಕಲಿಸಿದವಳು ನಾನು.

ಅವನು ಸಿಕ್ಕ. ಈ ವರ್ಷ ಒಂದು ದಿನ ನಾನು ಶಿಗ್ಗಾವಿ ಸ್ಟ್ಯಾಂಡಿನಲ್ಲಿದ್ದಾಗ ಲ್ಯಾಬಿನ ಡಾಕ್ಟರು ಫೋನು ಮಾಡಿದರು. "ಒಬ್ಬರ ನರಾನ ಸಿಗವಲ್ದವ್ವಾ. ನಾಲ್ಕ ಸಲ ಚುಚ್ಚ್ಯಾರ. ನೀ ಬಂದ ತಗಿ. ಅವರು ಕಾಯ್ತಾರಂತ." ಹತ್ತಕ್ಕೆ ಹೋಗಿ ಲ್ಯಾಬಿನ ಗಾಜಿನಿಂದ ನೋಡಿದರೆ ಅದೇ ಮುಖ, ಟೊಪ್ಪಿಗೆ ಇಲ್ಲ ಅಷ್ಟೇ. ವರ್ಷದ ತಪಾಸಣೆಗೆ ಬಂದಿದ್ದ. ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ತುಟಿ ಒಣಗಿತ್ತು, ಎರಡೂ ಕೈಗೆ ಹತ್ತಿ ಅಂಟಿಸಿಕೊಂಡಿದ್ದ.

ನಾನು ಒಳಗೆ ಹೋಗಲಿಲ್ಲ. ಕ್ಯಾಂಟೀನಿಗೆ ಹೋಗಿ ಚಹಾ ತೆಗೆದುಕೊಂಡು, ಸಾಸರಿಗೆ ಸುರಿದುಕೊಂಡು ನಿಧಾನವಾಗಿ ಕುಡಿದೆ. ಇಷ್ಟು ವರ್ಷದ ನೌಕರಿಯಲ್ಲಿ ರೋಗಿಯನ್ನು ಕಾಯಿಸಿ ಚಹಾ ಕುಡಿದದ್ದು ಅದೊಂದೇ ಸಲ. ಸುಳ್ಳು ಯಾಕೆ ಹೇಳಲಿ, ಅಂಥ ರುಚಿಯ ಚಹಾ ಆಮೇಲೆ ಕುಡಿದಿಲ್ಲ.

ಹೋಗಿ ಪಕ್ಕದಲ್ಲಿ ಕೂತೆ. ತೋಳಿಗೆ ಪಟ್ಟಿ ಕಟ್ಟಿದೆ. ಎದುರಿಗೆ ಬಹುವಚನ, ಮನಸ್ಸಿನಲ್ಲಿ ಅವನು ಅವನೇ.

"ಇಷ್ಟು ಲೇಟಾಗಿ ಬರೋದಾ ನೀವು?" ಎಂದ.

"ಎಂಟಕ್ಕ ಬರ್ತಿದ್ನಿರಿ. ನಮ್ಮೂರಾಗ ಗಾಡಿ ನಿಲ್ಲೂದು ಬಂದ್ ಆತು."

"ಯಾವ ಊರು?"

ಹೇಳಿದೆ. ಅವನು ಸ್ವಲ್ಪ ಯೋಚಿಸಿದ. "ಅಲ್ಲಿ ಪ್ಯಾಸೆಂಜರೇ ಇರಲಿಲ್ಲ ಅಲ್ವಾ?"

ಸೂಜಿ ನನ್ನ ಕೈಯಲ್ಲಿತ್ತು. ಐದನೇ ಸಲವೂ ತಪ್ಪಿಸಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಹನ್ನೊಂದಕ್ಕ ಬಂದ್ರ ಯಾರ ಇರ್ತಾರ್ರಿ? ಎಲ್ಲಾರೂ ಮುಂಜಾನೆ ಗಾಡಿಗೆ ಹೋಗಿರ್ತಿದ್ವಿ," ಎಂದೆ.

"ಅವತ್ತು ಜಾಗ ನೋಡೋಕೆ ಬಂದಿದ್ದು ಅಮ್ಮ. ಲೆಕ್ಕ ತಗೊಂಡಿದ್ದು ನಿಮ್ಮ ಸ್ಟೇಷನ್ನಿನ ಟಿಕೆಟ್ ಕಿಟಕಿಯಿಂದ. ವರ್ಷ ಪೂರ್ತಿ ನೋಡಿದೆ. ದಿನಾ ಓಡಾಡೋರು ಇದ್ದಿದ್ರೆ ಪಾಸು ಹೋಗಿರಬೇಕಲ್ವಾ? ಒಂದೂ ಇರಲಿಲ್ಲ."

ಸೂಜಿಯನ್ನು ಟ್ರೇಯಲ್ಲಿ ಇಟ್ಟೆ. ಬಿಸ್ಕಿಟ್ ಡಬ್ಬಿ ನನ್ನ ಚೀಲದಲ್ಲೇ ಇತ್ತು. ಸಂಜೆ ಗಾಡಿಗೆ ಪಾಸು ಬೇಕಲ್ಲ, ತಿಂಗಳ ಕೊನೆಯಾದ್ದರಿಂದ ತುಂಬಿತ್ತು.

ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದೆ. ಒಂದೇ ಚುಚ್ಚಿಗೆ ನರ ಸಿಕ್ಕಿತು. ಹತ್ತಿ ಒತ್ತಿ ಹಿಡಿಸುವಾಗ ಹೇಳಿದೆ, "ಪಾಸು ಹುಬ್ಬಳ್ಳ್ಯಾಗ ತಗಸ್ತಿದ್ವಿರಿ. ಎಲ್ಲಾರದೂ ನಾನ ತಗಸ್ತಿದ್ನಿ."

ಅವನು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದ. "ನನಗೆ ಯಾರೂ ಹೇಳಲಿಲ್ವಲ್ಲ," ಎಂದ.

"ನೀವು ಕೇಳಲಿಲ್ಲರಿ. ನೀವು ಸೂಸಲಾ ತಿನ್ನೂವಾಗ ನಾ ಬಾಜೂಕ ನಿಂತಿದ್ನಿ."

ಅವನಿಗೆ ಆಗ ನೆನಪಾಯಿತು. ತಲೆ ತಗ್ಗಿಸಿದ. ಆ ತಗ್ಗಿದ ತಲೆಗಾಗಿ ಒಂದೂವರೆ ವರ್ಷ ಕಾದಿದ್ದೆ, ಆದರೆ ನೋಡಿಕೊಂಡು ಕೂರುವ ಧೈರ್ಯ ನನಗಿರಲಿಲ್ಲ. ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಈಗ ಬೆಳಿಗ್ಗೆ ಹಲ್ಲುಜ್ಜುವಾಗ ಬೈಯಬೇಕಾದವರು ಇಬ್ಬರಾಗಿದ್ದಾರೆ, ಅಷ್ಟೇ.

ಆ ಸಂಜೆ ಗಾಡಿಯಲ್ಲಿ ಡಬ್ಬಿ ತೆಗೆದು ಅವರವರ ಪಾಸು ಅವರವರ ಕೈಗೆ ಕೊಟ್ಟೆ. "ಇನ್ನಮ್ಯಾಲೆ ನಮ್ಮೂರ ಕಿಟಕ್ಯಾಗ ತಗಸ್ರಿ," ಎಂದೆ. ಯಾಕೆ ಎಂದು ಕೇಳಿದರು. ಬೇರೆ ನೆಪ ಹೇಳಬಹುದಿತ್ತು. ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೆಲವರು, ನಿನಗೇನು ಗೊತ್ತಿತ್ತು, ಬಿಡು ಎಂದರು. ಪಲ್ಲೆ ಮಾರುತ್ತಿದ್ದಾಕೆ ತನ್ನ ಪಾಸನ್ನು ತಿರುಗಿಸಿ ತಿರುಗಿಸಿ ನೋಡಿ, ಕುಪ್ಪಸದೊಳಗೆ ಇಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿದಳು.

ಮರುದಿನ ಸಂಜೆ ಹತ್ತಿದಾಗ ನನ್ನ ಜಾಗದಲ್ಲಿ ಯಾರೋ ಕೂತಿದ್ದರು. ಕೆಂಪು ಟವೆಲ್ ಪಲ್ಲೆಯಾಕೆಯ ಹೆಗಲ ಮೇಲಿತ್ತು. ನನ್ನನ್ನು ಕಂಡೂ ಆಕೆ ಮುಖ ಎತ್ತಲಿಲ್ಲ. ನಾನು ಬಾಗಿಲ ಪಕ್ಕ ಕಂಬಿ ಹಿಡಿದು ಊರಿನವರೆಗೆ ನಿಂತೇ ಬಂದೆ. ಈಗಲೂ ಹಾಗೆಯೇ ಬರುತ್ತೇನೆ.