ಜಗಲಿಯ ಮೇಲೆ, ಬೂಟಿನಲ್ಲಿ

ನನ್ನ ಹತ್ತಿರ ಹದಿನೆಂಟು ಜೊತೆ ಹಳೆಯ ಚರ್ಮದ ಬೂಟುಗಳಿವೆ. ಅವುಗಳಲ್ಲಿ ನನ್ನ ಕಾಲಿಗೆ ಆಗುವುದು ನಾಲ್ಕೇ. ಮತ್ತೆ ಯಾಕೆ ಕೊಂಡೆ ಎಂದು ಕೇಳಿದವರಿಗೆ ನೋಡುವುದಕ್ಕೆ ಎನ್ನುತ್ತೇನೆ. ಯಾವ ತಾರೀಕು, ಎಲ್ಲಿ ಸಿಕ್ಕಿತು, ಅಟ್ಟೆ ಎಷ್ಟು ಸವೆದಿದೆ, ಹೊಲಿಗೆ ಕೈಯದೋ ಯಂತ್ರದ್ದೋ, ಎಲ್ಲ ಬರೆದಿಡುತ್ತೇನೆ. ಬಸವನಗುಡಿಯ ನಮ್ಮ ಮನೆಯಲ್ಲಿ ಚರ್ಮ ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ಅವೆಲ್ಲ ಹೊರಗಿನ ಮಹಡಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿವೆ.

ಹತ್ತೊಂಬತ್ತನೆಯ ಜೊತೆ ಚಾಮರಾಜಪೇಟೆಯ ಒಂದು ಮನೆಯಲ್ಲಿದೆ ಎಂದು ಹೇಳಿದ್ದು ನನಗೆ ಪರಿಚಯದ ಗುಜರಿ ಅಂಗಡಿಯವರು. "ಆ ಅಜ್ಜಿ ನಮಗೆ ಕೊಡಲ್ಲ ಸಾರ್. ಹಾಕ್ಕೊಂಡು ಓಡಾಡೋರಿಗೇ ಕೊಡ್ತಾರಂತೆ," ಎಂದಿದ್ದರು. ರಾಮನವಮಿಯ ದಿನ ರಜೆಯಿತ್ತು. ಬಿಸಿಲಲ್ಲಿ ನಡೆದುಕೊಂಡೇ ಹೋದೆ.

ಅಜ್ಜಿ ಜಗಲಿಯ ಮೇಲೆ ಹಳೆಯ ಪಂಚೆಯ ಗಂಟು ಬಿಚ್ಚಿದರು. ಒಳಗೆ ಕಂದು ಬಣ್ಣದ ಬೂಟು. ಅವರ ಗಂಡ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದವರಂತೆ. "ಆ ಕೆಸರಲ್ಲಿ ಬರಿಗಾಲೇ. ಇದನ್ನ ಕಂಟೋನ್ಮೆಂಟಲ್ಲಿ ಅಳತೆ ಕೊಟ್ಟು ಹೊಲಿಸಿದ್ರು. ಮದುವೆಗೆ ಮಾತ್ರ ಹಾಕೋರು. ನನಗೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ," ಎಂದರು.

"ನಿಮ್ಮ ಮಕ್ಕಳು ಹಾಕ್ಕೊಳ್ಳಲ್ವಾ ಅಜ್ಜಿ?"

"ನಮ್ಮ ಹುಡುಗ್ರ ಕಾಲು ಒಂದೊಂದು ದೋಣಿ."

ಬೂಟನ್ನು ತಿರುಗಿಸಿ ನೋಡಿದೆ. ಅಟ್ಟೆಯ ಸುತ್ತ ಕೈಹೊಲಿಗೆ, ಒಂದು ಎಳೆಯೂ ಬಿಟ್ಟಿರಲಿಲ್ಲ. ಹಿಮ್ಮಡಿ ಹೆಚ್ಚುಕಡಿಮೆ ಹೊಸದು. ಚರ್ಮ ಮಾತ್ರ ಒಣಗಿ ಹಪ್ಪಳದಂತಾಗಿತ್ತು. ಎಣ್ಣೆ ಹಚ್ಚಿ ಕೆಲವು ದಿನ ಇಡದೆ ಇಂಥದ್ದಕ್ಕೆ ಕಾಲು ಹಾಕಬಾರದು. ಅಳತೆ ಬೇರೆ ನನ್ನದಕ್ಕಿಂತ ಒಂದು ನಂಬರು ಚಿಕ್ಕದು. ಆದರೆ ಇಷ್ಟು ಚೆನ್ನಾಗಿರುವ ಜೊತೆಯನ್ನು ನಾನು ಅದುವರೆಗೆ ಕೈಯಲ್ಲಿ ಹಿಡಿದಿರಲಿಲ್ಲ.

"ಹಾಕ್ಕೊಳ್ಳಿ, ನೋಡೋಣ. ನಿಮಗಾಗ್ಲಿಲ್ಲ ಅಂದ್ರೆ ಹನ್ನೊಂದು ಗಂಟೆಗೆ ಇನ್ನೊಬ್ರು ಬರ್ತಾರೆ," ಎಂದರು ಅಜ್ಜಿ.

ಬೆರಳು ಮಡಚಿ, ಉಸಿರು ಬಿಗಿ ಹಿಡಿದು ಎರಡೂ ಕಾಲು ತೂರಿಸಿದೆ. ಎದ್ದು ನಿಂತೆ.

"ಹೆಂಗಿದೆ?"

"ಸರಿಯಾಗಿದೆ."

ಅಜ್ಜಿಯ ಮುಖ ಅರಳಿತು. "ಹಂಗಾದ್ರೆ ಬಿಚ್ಚಿಟ್ಟು ಒಳಗೆ ಬನ್ನಿ. ಪಾನಕ ಕುಡಿದು ತಗೊಂಡು ಹೋಗಿ."

ಲೇಸು ಬಿಚ್ಚಿ, ಒಂದು ಬೂಟಿನ ತುದಿಯಿಂದ ಇನ್ನೊಂದರ ಹಿಮ್ಮಡಿಯನ್ನು ಒತ್ತಿದೆ. ಅಲ್ಲಾಡಲಿಲ್ಲ. ನಡೆದು ಬಂದ ಕಾಲು ಒಳಗೇ ಊದಿಕೊಳ್ಳುತ್ತಿತ್ತು. ಜೋರಾಗಿ ಎಳೆದರೆ ಹಿಂದಿನ ಹೊಲಿಗೆ ಹರಿಯುತ್ತದೆ. ಎಳೆಯುವುದನ್ನು ಅಜ್ಜಿ ನೋಡಿದರೆ ಸರಿಯಾಗಿಲ್ಲ ಎಂದು ಗೊತ್ತಾಗುತ್ತದೆ.

"ಪರವಾಗಿಲ್ಲ ಅಜ್ಜಿ, ಇಲ್ಲೇ ಇರ್ತೀನಿ."

"ಹಬ್ಬದ ದಿನ ಹೊರಗೆ ನಿಲ್ಲಿಸಿ ಕೊಡೋದಾ? ಬನ್ನಿ ಬನ್ನಿ."

"ಬೇಡ ಅಜ್ಜಿ. ನಾನು ಒಳಗೆ ಬರಲ್ಲ."

ಸೊಸೆ ಅಷ್ಟರಲ್ಲಿ ಪಾನಕದ ಲೋಟ ಹಿಡಿದು ಬಾಗಿಲಿಗೆ ಬಂದಿದ್ದರು. ಅಲ್ಲೇ ನಿಂತರು. ಅಜ್ಜಿ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಯಾವ ಕಡೆಯವರು ಎಂದು ಕೇಳಿದರು. ಬಸವನಗುಡಿ ಎಂದೆ. ಹೇಳಿದ ಮೇಲೆ ಅವರು ಕೇಳಿದ್ದು ಏನೆಂದು ಹೊಳೆಯಿತು.

"ಒಳಗಿಡು ತಾಯಿ, ಅವರು ಕುಡಿಯಲ್ಲ," ಎಂದು ಅಜ್ಜಿ ಸೊಸೆಗೆ ಹೇಳಿದರು. "ನಮ್ಮ ಯಜಮಾನರ ಬೂಟು ಆಗುತ್ತೆ. ನಮ್ಮನೆ ಪಾನಕ ಆಗಲ್ಲ."

ಆಮೇಲೆ ನನ್ನ ಕಡೆ ತಿರುಗಿ, "ಹಾಕ್ಕೊಂಡೇ ಹೋಗಿ. ಕಾಲಿಗಾದವರಿಗೆ ಕೊಡ್ತೀನಿ ಅಂದಿದ್ದೆ, ಕೊಟ್ಟಿದೀನಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅಭ್ಯಾಸವಿತ್ತು.

ಜಗಲಿ ಇಳಿದರೆ ಬೂಟು ನನ್ನದು. ಎರಡು ಹೆಜ್ಜೆ ಇಟ್ಟೆ. ಬೆರಳುಗಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬೆನ್ನ ಹಿಂದೆ ಲೋಟವನ್ನು ತಟ್ಟೆಯ ಮೇಲೆ ಇಟ್ಟ ಸದ್ದು ಕೇಳಿತು.

"ಅಜ್ಜಿ, ಬೂಟು ಬರ್ತಿಲ್ಲ."

"ಏನು?"

"ಕಾಲಿಂದ ಬರ್ತಿಲ್ಲ. ಅದಕ್ಕೇ ಒಳಗೆ ಬರಲ್ಲ ಅಂದೆ. ಸರಿಯಾಗಿಲ್ಲ ಇದು."

ಮೊದಲು ನಕ್ಕಿದ್ದು ಸೊಸೆ. ಅಜ್ಜಿ ನಗಲಿಲ್ಲ. ನನ್ನನ್ನು ಜಗಲಿಯ ಮೇಲೆ ಕೂರಿಸಿ, ಕಾಲನ್ನು ಎಳೆದು ಮಡಿಲಲ್ಲೇ ಇಟ್ಟುಕೊಂಡರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಎಡಗಾಲಿನದು ಹೇಗೋ ಬಂತು. ಬಲಗಾಲಿಗೆ ಸೊಸೆ ಚಮಚದ ಹಿಡಿ ತೂರಿಸಿದರು.

"ನಿಧಾನ, ಹೊಲಿಗೆ ಬಿಟ್ಟೋಗುತ್ತೆ," ಎಂದೆ.

"ಕಾಲು ಬಿಟ್ಟೋದ್ರೂ ಪರವಾಗಿಲ್ವೇನಪ್ಪ?" ಎಂದರು ಅಜ್ಜಿ. ಆಗ ಅವರಿಗೂ ನಗು ಬಂತು. ಬೂಟು ಕಾಲುಚೀಲದ ಸಮೇತ ಅವರ ಕೈಗೆ ಬಂತು.

ಒಳಗೆ ಚಾಪೆಯ ಮೇಲೆ ಕೂತು ಪಾನಕ ಕುಡಿದೆ, ಕೋಸಂಬರಿ ತಿಂದೆ. ಸೊಸೆ ಕೇಳದೆ ಇನ್ನೊಂದು ಲೋಟ ಹಾಕಿದರು. ಎಣ್ಣೆ ಹಚ್ಚಿದರೆ ಬೂಟು ಸ್ವಲ್ಪ ಸಡಿಲವಾಗುತ್ತದೆ ಎಂದು ಮೆಲ್ಲಗೆ ಹೇಳಿ ನೋಡಿದೆ.

"ನಿಮ್ಮ ಕಾಲಿಗಾಗೋ ಅಷ್ಟು?"

ನಾನು ಕೋಸಂಬರಿಯ ಕಡೆ ನೋಡಿದೆ.

ಗೇಟಿನ ಸದ್ದಾಯಿತು. ನಾನು ಎದ್ದೆ. ಅಜ್ಜಿ ಬಿಡಲಿಲ್ಲ. "ಇರಿ. ಅವರೂ ನಿಮ್ಮ ಹಂಗೇ ಸರಿಯಾಗಿದೆ ಅಂದ್ಬಿಟ್ರೆ ನನಗೇನು ಗೊತ್ತಾಗುತ್ತೆ? ನೀವೇ ನೋಡಿ ಹೇಳಿ."

ಬಂದವರು ಯಾವುದೋ ವಕೀಲರ ಆಫೀಸಿನ ಗುಮಾಸ್ತರು, ತೆಳ್ಳನೆಯ ಆಸಾಮಿ, ಕಾಲೂ ಚಿಕ್ಕದು. ಬೂಟು ಹಾಕಿಕೊಂಡು ಎದ್ದು ನಿಂತರು. ನಾನು ಅವರ ಮುಂದೆ ಕುಕ್ಕರಗಾಲಲ್ಲಿ ಕೂತು ತುದಿಯಲ್ಲಿ ಹೆಬ್ಬೆರಳಿಟ್ಟು ಒತ್ತಿದೆ. ಬೇಕಾದಷ್ಟೇ ಜಾಗವಿತ್ತು. ಹಿಮ್ಮಡಿ ಎತ್ತಿಸಿ ನೋಡಿದೆ. ಜಾರಲಿಲ್ಲ.

"ಸ್ವಲ್ಪ ಬಿಗಿ ಅನ್ಸುತ್ತೆ, ಅಲ್ವಾ?" ಎಂದು ಅವರೇ ಕೇಳಿದರು. "ನನಗೆ ಇಂಥದ್ದು ಹಾಕಿ ಅಭ್ಯಾಸ ಇಲ್ಲ. ಬೇಡ ಅಂತೀರಾ?"

ಹೌದು ಎಂದರೆ ಸಾಕಿತ್ತು. ಅವರು ಬಿಚ್ಚಿಟ್ಟು ಹೋಗುತ್ತಿದ್ದರು, ಬೂಟು ಮತ್ತೆ ಪಂಚೆಗೆ ಸೇರುತ್ತಿತ್ತು, ಮುಂದಿನ ತಿಂಗಳು ನಾನು ಬಂದು ಇನ್ನೊಮ್ಮೆ ಕೇಳಬಹುದಿತ್ತು. ಅಜ್ಜಿ ಬೂಟನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

"ಬಿಗಿಯಲ್ಲ. ಚರ್ಮ ಒಣಗಿದೆ, ಅಷ್ಟೆ. ಎಣ್ಣೆ ಹಚ್ಚಿ ನಾಲ್ಕು ದಿನ ನೆರಳಲ್ಲಿಡಿ," ಎಂದೆ. "ನಿಮಗೆ ಸರಿಯಾಗಿದೆ."

ಅವರು ಗೇಟಿನ ತನಕ ನಡೆದು ವಾಪಸು ಬಂದರು. ಎಡಗಾಲಿನ ಲೇಸು ಬಿಚ್ಚಿಕೊಂಡಿತ್ತು. ಬಗ್ಗಿ ನಾನೇ ಕಟ್ಟಿದೆ.