ಗೆರೆ ನೆಟ್ಟಗಿದ್ದರೆ ಗ್ರಾಫಕ್ಕನಿಗೆ ಅನುಮಾನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಿಸ್ಕತ್ತು ಕಾರ್ಖಾನೆಯ ಉದ್ದನೆಯ ಒಲೆಯ ಮುಂದೆ ಗ್ರಾಫಕ್ಕ ಕಣ್ಣು ಮುಚ್ಚಿ ನಿಂತಿದ್ದಾರೆ. ಒಂದು ಕೈ ಒಲೆಯ ಬಾಗಿಲ ಹತ್ತಿರ, ಇನ್ನೊಂದರಲ್ಲಿ ಆರಿಹೋದ ಚಹಾ. ಯಂತ್ರಗಳ ಶಾಖ, ವೇಗಗಳನ್ನು ಬರೆದುಕೊಂಡು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಸಾಫ್ಟ್‌ವೇರನ್ನು ನೋಡಿಕೊಳ್ಳುವುದು ಅವರ ಕೆಲಸ. ಆದರೆ ಬೆಳಗಿನ ಈ ಹೊತ್ತಿನಲ್ಲಿ ಮಾತ್ರ ಅವರು ಪರದೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

“ಮೊದ್ಲು ಒಲೆನ ಮಾತಾಡಿಸ್ಬೇಕು. ಕಂಪ್ಯೂಟರು ಏನು ಹೇಳತ್ತೋ ಅದನ್ನ ಆಮೇಲೆ ಕೇಳೋದು,” ಎನ್ನುತ್ತಾರೆ.

ದಿನಕ್ಕೆ ಇನ್ನೂರು ಗೆರೆಗಳ ಮೇಲೆ ಅವರು ಕಣ್ಣಾಡಿಸುತ್ತಾರೆ; ಕಾರ್ಖಾನೆಯವರ ಬಾಯಲ್ಲಿ ಗ್ರಾಫಕ್ಕ ಆದದ್ದೇ ಹಾಗೆ. ಗೆರೆ ನೋಡಿ ಸಂಬಳ ತರುವ ಸೊಸೆ ಎಂದು ಮನೆಯಲ್ಲಿ ಅತ್ತೆ ಕಾಲೆಳೆಯುವುದು ಇನ್ನೂ ನಿಂತಿಲ್ಲ.

ಒಲೆಯನ್ನು ಮಾತಾಡಿಸುವ ಅಭ್ಯಾಸ ಅಂಟಿದ್ದು ಹೋದ ವರ್ಷದ ಪೀಕಲಾಟದಿಂದ. ಒಲೆಗೆ ಹೊಸ ಗ್ಯಾಸ್ ವಾಲ್ವ್ ಬಂತು, ಸಾಫ್ಟ್‌ವೇರೂ ಹೊಸದಾಯಿತು. ಅಲ್ಲಿಂದ ಬಿಸ್ಕತ್ತು ಒಂದು ಸಾಲು ಹೊಂಬಣ್ಣ, ಮುಂದಿನ ಸಾಲು ಸೀದು ಕರಕಲು. ಪರದೆಯಲ್ಲಿ ಮಾತ್ರ ಶಾಖದ ಗೆರೆ ಸ್ಕೇಲಿಟ್ಟು ಎಳೆದಂತೆ ನೆಟ್ಟಗೆ. ಒಲೆ ಸರಿಯಿದ್ದ ಮೇಲೆ ತಪ್ಪು ಯಾರದು? ಒಲೆ ಕಾಯುವ ಬೆಂಕಿಯಣ್ಣನದು. ವಯಸ್ಸಾಯಿತು, ತೂಕಡಿಸುತ್ತಿರಬೇಕು ಎಂದು ಮ್ಯಾನೇಜರು ಅವರನ್ನು ಸೋಮವಾರದಿಂದ ಗೋದಾಮಿಗೆ ಹಾಕುವುದಾಗಿ ಹೇಳಿಯೇ ಬಿಟ್ಟರು. ಜೀವಮಾನವೆಲ್ಲ ಒಲೆಯ ಮುಂದೆ ನಿಂತವರಿಗೆ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು.

ಬೆಂಕಿಯಣ್ಣ ಜಗಳಕ್ಕೆ ಹೋಗಲಿಲ್ಲ. ಕ್ಯಾಂಟೀನಿನಲ್ಲಿ ಗ್ರಾಫಕ್ಕನ ಎದುರು ಬಂದು ಕೂತರು. “ಮುಖಕ್ಕೆ ಶಾಖ ಬಡಿಯತ್ತೆ, ಆರತ್ತೆ, ಮತ್ತೆ ಬಡಿಯತ್ತೆ. ನಂಗೆ ಹಂಗನ್ಸೋದು ಸುಳ್ಳಾ ತಾಯಿ?” ಎಂದರು. ಗ್ರಾಫಕ್ಕ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಗೆರೆ ನೆಟ್ಟಗಿದೆ, ಒಲೆಯಲ್ಲೇನೂ ದೋಷವಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದು ಅವರೇ.

ಮರುದಿನ ಬೆಳಗ್ಗೆ ಕೈಯಲ್ಲಿ ಹಿಡಿಯುವ ಥರ್ಮಾಮೀಟರಿನೊಂದಿಗೆ ಒಲೆಯ ಮುಂದೆ ನಿಂತರು. ಶಾಖ ನಿಮಿಷಕ್ಕೊಮ್ಮೆ ಏರಿ ಇಳಿಯುತ್ತಿತ್ತು. ಹೊಸ ಸಾಫ್ಟ್‌ವೇರು ಅದನ್ನು ಬರೆದುಕೊಳ್ಳುತ್ತಿದ್ದದ್ದೂ ನಿಮಿಷಕ್ಕೊಮ್ಮೆಯೇ, ಗ್ಯಾಸ್ ಬಿಟ್ಟು ನಿಲ್ಲಿಸಲು ವಾಲ್ವ್ ನೋಡುವ ಅದೇ ಗಡಿಯಾರ ನೋಡಿಕೊಂಡು. ಪ್ರತಿ ಸಲವೂ ಅದರ ಕಣ್ಣಿಗೆ ಬೀಳುತ್ತಿದ್ದದ್ದು ಒಂದೇ ಶಾಖ. ಇದನ್ನು ಅವರು ಅತ್ತೆಗೆ ಬಿಡಿಸಿ ಹೇಳಿದ ಬಗೆ ಸೊಗಸಾಗಿದೆ: “ಒಬ್ಬ ನೆಂಟ ದಿನಾ ನಾವು ಊಟಕ್ಕೆ ಕೂತಾಗ್ಲೇ ಬರ್ತಾನೆ ಅಂದ್ಕೊಳ್ಳಿ. ಇವ್ರು ಹಗಲೂ ರಾತ್ರಿ ಉಣ್ತಾನೇ ಇರ್ತಾರೆ ಅಂದ್ಕೊಳ್ಳಲ್ವಾ ಅವ್ನು?” ಹಾಗಾದರೆ ಆ ಕಂಪ್ಯೂಟರು ನನ್ನ ತಮ್ಮನೇ ಸರಿ ಎಂದು ಅತ್ತೆ ನಕ್ಕರಂತೆ.

ಸೆಕೆಂಡಿಗೊಮ್ಮೆ ಬರೆದುಕೊಳ್ಳುವಂತೆ ಬದಲಿಸಿದ್ದೇ ತಡ, ನೆಟ್ಟಗಿದ್ದ ಗೆರೆ ಗರಗಸದ ಹಲ್ಲಾಯಿತು. ವಾಲ್ವ್ ದುರಸ್ತಿಯಾಯಿತು. ಮ್ಯಾನೇಜರು ಎಲ್ಲರೆದುರು ಮಾತು ಹಿಂತೆಗೆದುಕೊಂಡರು. ಗ್ರಾಫಕ್ಕ ಕ್ಷಮೆ ಕೇಳಲು ಹೋದರೆ ಬೆಂಕಿಯಣ್ಣ ಬಿಸಿ ಬಿಸ್ಕತ್ತೊಂದನ್ನು ಕೈಗಿಟ್ಟು ಕೆಲಸಕ್ಕೆ ತಿರುಗಿಕೊಂಡರು. ಈಗಲೂ ಮೊದಲ ತಟ್ಟೆಯಿಂದ ಒಂದು ಬಿಸ್ಕತ್ತು ಗ್ರಾಫಕ್ಕನಿಗೇ ಮೀಸಲು.

ಬೆಂಕಿಯಣ್ಣನ ನಿವೃತ್ತಿ ಮುಂದಿನ ತಿಂಗಳು. ನಿಮಗೇನು ಆಸೆ ಎಂದು ಕೇಳಿದರೆ ಗ್ರಾಫಕ್ಕ ಒಲೆಯ ಕಡೆ ನೋಡುತ್ತಾರೆ. “ಅವ್ರು ಈ ಒಲೆ ಮುಂದಿಂದ್ಲೇ ಮನೆಗೆ ಹೋಗ್ತಾರೆ, ಗೋದಾಮಿಂದ ಅಲ್ಲ. ಅವತ್ತೊಂದಿನ ಒಂದೂ ಬಿಸ್ಕತ್ತು ಸೀಯ್ಬಾರ್ದು. ನಂಗಷ್ಟು ಸಾಕು.”