ಏಳೂರ ಲಾರಿಗೊಂದು ಹೋಸ್ ಪೈಪು

ತಳಕಲ್ಲಿನ ಹಂಪಣ್ಣನ ಲಾರಿ ಯಾವ ಕಂಪನಿಯದು ಎಂದು ಒಂದೇ ಮಾತಿನಲ್ಲಿ ಹೇಳಲಿಕ್ಕೆ ಆಗುವುದಿಲ್ಲ. ಚಾಸಿ ಹೊಸಪೇಟೆಯ ಹರಾಜಿನಲ್ಲಿ ಸಿಕ್ಕಿದ್ದು. ಎಂಜಿನ್ ಕುಷ್ಟಗಿಯಲ್ಲಿ ಗುಜರಿಗೆ ಬಿದ್ದಿದ್ದ ಒಂದು ಖಾಸಗಿ ಬಸ್ಸಿನದು. ರೇಡಿಯೇಟರ್ ಗಂಗಾವತಿಯ ಅಕ್ಕಿ ಗಿರಣಿಯೊಂದರ ಜನರೇಟರಿಗೆ ಇದ್ದದ್ದು. ನಮ್ಮ ಕಡೆಯ ಬಿಸಿಲಿಗೆ ದೊಡ್ಡ ರೇಡಿಯೇಟರೇ ಬೇಕೆಂದು ಹಂಪಣ್ಣ ಅದನ್ನು ಹಾಕಿಸಿದ್ದ. ಡ್ರೈವರ್ ಸೀಟಂತೂ ಯಲಬುರ್ಗಾದಲ್ಲಿ ಮುಚ್ಚಿಹೋದ ಟಾಕೀಸಿನ ಬಾಲ್ಕನಿ ಕುರ್ಚಿ. ಒಂದು ಬಾಗಿಲು ಹಸಿರು, ಇನ್ನೊಂದು ನೀಲಿ. ಊರವರು ಅದಕ್ಕೆ ‘ಏಳೂರ ಲಾರಿ’ ಎಂದೇ ಹೆಸರಿಟ್ಟಿದ್ದರು.

ಹಂಪಣ್ಣ ಹುಟ್ಟಿದ್ದು ಕಿರಾಣಿ ವ್ಯಾಪಾರದ ಮನೆಯಲ್ಲಿ. ತಂದೆ ಹೋದ ಮೇಲೆ ಅಣ್ಣ ಪ್ರಭುರಾಜನ ಜೊತೆ ಅಂಗಡಿಯಲ್ಲಿ ಕೂತ. ಆದರೆ ಗಿರಾಕಿಯ ಕೈಯಲ್ಲಿ ಕೆಟ್ಟ ಬ್ಯಾಟರಿ ಕಂಡರೆ ಸಾಕು, ಬೆಲ್ಲ ತೂಗುವುದು ಬಿಟ್ಟು ಬ್ಯಾಟರಿ ಬಿಚ್ಚುತ್ತಿದ್ದ. ಮುರಿದ ಕೊಡೆ, ಸೋರುವ ಸ್ಟೋ, ನಿಂತ ಗಡಿಯಾರ ಎಲ್ಲ ತಕ್ಕಡಿಯ ಮೇಲೆ ಗುಡ್ಡೆ ಬೀಳತೊಡಗಿದವು. ಕೊನೆಗೆ ಅಣ್ಣನೇ ಕೈಮುಗಿದು, “ತಮ್ಮಾ, ನೀ ಗಾಲಿ ಇರೋ ಧಂದೆ ಯಾವುದಾರ ಹಿಡಿ, ಅಂಗಡಿ ನನಗ ಬಿಡು” ಎಂದ. ಹಂಪಣ್ಣನಿಗೆ ಬೇಕಾದದ್ದೂ ಅದೇ. ಅಂದಿನಿಂದ ಒಂದು ವಾಹನಕ್ಕೆ ಇನ್ನೊಂದರ ಸಾಮಾನು ಜೋಡಿಸುವುದೇ ಅವನ ಸಂತೋಷವಾಯಿತು. ಮೀಸೆ ಬೆಳ್ಳಗಾದರೂ ಆ ಸಂತೋಷ ಕಡಿಮೆಯಾಗಲಿಲ್ಲ.

ಬೇಸಿಗೆಯಲ್ಲಿ ಅವನ ಕೆಲಸ ಹುಲ್ಲು ಸಾಗಿಸುವುದು. ಗಂಗಾವತಿ ಕಡೆಯ ಗದ್ದೆಗಳಲ್ಲಿ ನೆಲ್ಲು ಕೊಯ್ದ ಮೇಲೆ ಉಳಿಯುವ ಹುಲ್ಲನ್ನು ಹೇರಿಕೊಂಡು ಬಂದು ತಳಕಲ್ ಸುತ್ತಿನ ದನಗಾರರಿಗೆ ಕೊಡುತ್ತಿದ್ದ. ಹೋದ ಬೇಸಿಗೆಯಲ್ಲಿ ಹೀಗೆ ಗಂಗಾವತಿಯ ಆಚೆ ಇರುವ ಮರಳಿ ಎಂಬ ಊರಿಗೆ ಹೊರಟಾಗ ಮುದುಕವ್ವ ತಾನೂ ಬರುತ್ತೇನೆಂದು ಲಾರಿ ಹತ್ತಿ ಕೂತಳು. ಮುದುಕವ್ವ ಎಮ್ಮೆ ಸಾಕಿ ಜೀವನ ಮಾಡುವ ಗಟ್ಟಿ ಹೆಂಗಸು, ಹಂಪಣ್ಣನಿಗೆ ವರಸೆಯಲ್ಲಿ ಚಿಗವ್ವ. ಹಿಂದಿನ ಸಲ ಬಂದ ಹುಲ್ಲು ಮುಗ್ಗಲು ಹಿಡಿದಿತ್ತೆಂದು ಅವಳ ತಕರಾರು. ಮರಳಿಯಲ್ಲಿ ಅವಳು ಬಣವೆಯೊಳಗೆ ಭುಜದವರೆಗೂ ಕೈ ಹಾಕಿ ಹುಲ್ಲು ಎಳೆದು, ಮೂಸಿ, ಬಾಯಲ್ಲಿಟ್ಟು ಅಗಿದು, ಆಮೇಲೆ ಹೇರಲು ಒಪ್ಪಿಗೆ ಕೊಟ್ಟಳು.

ಲಾರಿ ಗಂಗಾವತಿಯ ದಾರಿ ಹಿಡಿದು ಸ್ವಲ್ಪ ದೂರ ಬಂದಿತ್ತು. ಮುದುಕವ್ವ ಮುಂದೆ ನೋಡುತ್ತ ಸಮಾಧಾನದಿಂದ ಹೇಳಿದಳು:

“ಹಂಪಣ್ಣ, ನಿನ್ನ ಲಾರಿ ಚಾ ಕಾಸಾಕತ್ತೈತಿ ನೋಡು.”

ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಹಂಪಣ್ಣ ಒಂದು ಬೇವಿನ ಮರದ ನೆರಳಿಗೆ ಲಾರಿ ನಿಲ್ಲಿಸಿ, ಆರುವವರೆಗೆ ಕಾದು ನೋಡಿದ. ರೇಡಿಯೇಟರಿನಿಂದ ಎಂಜಿನ್ನಿಗೆ ನೀರು ಹೋಗುವ ರಬ್ಬರಿನ ಹೋಸ್ ಪೈಪು ಉದ್ದಕ್ಕೂ ಸೀಳಿತ್ತು. ಹಳೆಯ ಟ್ಯೂಬಿನ ಪಟ್ಟಿ ಸುತ್ತಿ, ನೀರು ತುಂಬಿ ಚಾಲೂ ಮಾಡಿದ. ಪಟ್ಟಿ ಹಾರಿ ಮುದುಕವ್ವನ ಸೆರಗಿನ ಮೇಲೆ ಬಿತ್ತು.

“ನೀ ಇಲ್ಲೇ ಕುಂದ್ರು ಚಿಗವ್ವ. ಗಂಗಾವತಿಗೆ ಹೋಗಿ ಹೊಸಾದು ತರ್ತೀನಿ.”

“ನಾನೂ ಬರ್ತೀನಿ. ನೀ ಒಬ್ಬಾವನ ಹೋದ್ರ ಪೈಪ್ ಬಿಟ್ಟು ಇನ್ನೊಂದು ಲಾರಿ ತಗೊಂಡು ಬರ್ತಿ.”

ಎದುರಿನ ಪಂಚರ್ ಅಂಗಡಿಯವನಿಗೆ ಲಾರಿ ನೋಡಿಕೊಳ್ಳಲು ಹೇಳಿ, ಇಬ್ಬರೂ ಆಟೋ ಹತ್ತಿದರು. ಸೀಳಿದ ಪೈಪನ್ನು ಮುದುಕವ್ವ ಚೀಲದಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅದರ ಬಾಗಿದ ತುದಿ ಚೀಲದಿಂದ ತಲೆ ಎತ್ತಿದ್ದನ್ನು ಕಂಡು ಪಕ್ಕದ ಪ್ರಯಾಣಿಕ ಇನ್ನೊಂದು ಅಂಚಿಗೆ ಸರಿದು ಕೂತ.

ಗಂಗಾವತಿಯಲ್ಲಿ ಅವರು ಹೋದದ್ದು ಶಾನವಾಜನ ಬಿಡಿಭಾಗಗಳ ಅಂಗಡಿಗೆ. ಶಾನವಾಜ ಇನ್ನೂ ಹರೆಯದವನು, ಮಾತು ಮೃದು. ಅಂಗಡಿಯ ಮಾಲೆಲ್ಲವನ್ನೂ ಕಂಪ್ಯೂಟರಿಗೆ ಏರಿಸಿದ್ದ. ಗಾಡಿಯ ಹೆಸರು ಒತ್ತಿದರೆ ಸಾಮಾನು ಯಾವ ಗೂಡಿನಲ್ಲಿದೆಯೆಂದು ಅದೇ ಹೇಳುತ್ತಿತ್ತು.

“ಗಾಡಿ ಯಾವುದ್ರಿ ಕಾಕಾ?”

“ಚಾಸಿದು ಹೇಳ್ಲೊ, ಎಂಜಿನ್ನಿಂದು ಹೇಳ್ಲೊ?”

“ಹೋಸ್ ಪೈಪ್ ಎದಕ್ಕ ಬೇಕಾಗೇತಿ, ಅದನ್ನ ಹೇಳ್ರಿ.”

“ಅದರ ಒಂದು ಬಾಯಿ ಬಸ್ಸಿಗೆ ಹೋಗತೈತಿ. ಇನ್ನೊಂದು ಬಾಯಿ ಅಕ್ಕಿ ಗಿರಣಿಗೆ ಹೋಗತೈತಿ.”

ಶಾನವಾಜನ ಬೆರಳು ಗಾಳಿಯಲ್ಲೇ ನಿಂತಿತು. “ಅಕ್ಕಿ ಗಿರಣಿ ಇದರಾಗ ಬರಾಂಗಿಲ್ರಿ.”

ಹಂಪಣ್ಣ ಸ್ಟೂಲು ಎಳೆದುಕೊಂಡು ಕೂತು ಲಾರಿಯ ಕಥೆ ಮೊದಲಿನಿಂದ ಶುರುಮಾಡಿದ. ಹರಾಜು ಮುಗಿದು ಬಸ್ಸಿನ ಎಂಜಿನ್ನಿಗೆ ಬರುವಷ್ಟರಲ್ಲಿ ಹಿಂದೆ ನಿಂತಿದ್ದ ಗಿರಾಕಿಗಳು ತಮ್ಮ ಕೆಲಸ ಮರೆತು ಹತ್ತಿರ ಬಂದಿದ್ದರು. ಶಾನವಾಜ ನಡುನಡುವೆ ಏನೋ ಒತ್ತಿ ನೋಡುತ್ತಿದ್ದ. ಅದು ಒಮ್ಮೆ ಟ್ರ್ಯಾಕ್ಟರ್ ತೋರಿಸಿತು, ಒಮ್ಮೆ ಜೀಪು ತೋರಿಸಿತು, ಕೊನೆಗೆ ಏನನ್ನೂ ತೋರಿಸಲಿಲ್ಲ.

“ಹೆಣ್ಣು ನೋಡಾಕ ಬಂದೋರೂ ಇಷ್ಟು ಕೇಳಾಂಗಿಲ್ಲ,” ಎಂದಳು ಮುದುಕವ್ವ. “ಎಪ್ಪಾ, ಪೈಪ್ ಇಲ್ಲೇ ಐತಿ, ನೋಡು. ಇಂಥಾದು ಇನ್ನೊಂದು ಕೊಡು.”

ಶಾನವಾಜ ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದ. ಒಂದು ಬಾಯಿ ದಪ್ಪ, ಒಂದು ಬಾಯಿ ಸಣ್ಣ. ಗೂಡುಗಳಿಂದ ಪೈಪುಗಳನ್ನು ಇಳಿಸಿ ಒಂದೊಂದಾಗಿ ಪಕ್ಕಕ್ಕಿಟ್ಟು ಹೋಲಿಸಿದ. ದಪ್ಪ ಬಾಯಿಗೆ ಸರಿಬಂದದ್ದು ಸಣ್ಣದಕ್ಕೆ ಜೊಳಜೊಳ, ಸಣ್ಣದಕ್ಕೆ ಸರಿಬಂದದ್ದು ದಪ್ಪದ ಹತ್ತಿರಕ್ಕೂ ಹೋಗದು. ಗಿರಾಕಿಗಳೂ ಗೂಡಿಗೆ ಕೈ ಹಾಕಿ ಹುಡುಕತೊಡಗಿದರು. ಅಂಗಡಿಯ ನೆಲದ ಮೇಲೆ ಕಾಲಿಡಲು ಜಾಗ ಉಳಿಯಲಿಲ್ಲ.

“ಇದನ್ನ ಹಾಕಿದವ್ರು ಯಾರ್ರಿ?” ಎಂದು ಕೇಳಿದ ಶಾನವಾಜ.

“ಕುಷ್ಟಗಿ ಮಿಸ್ತ್ರಿ ಕೊಟ್ರಪ್ಪ. ಮೊಣಕಾಲು ಹಿಡಕೊಂಡವು ಅಂತ ಗ್ಯಾರೇಜ್ ಮುಚ್ಯಾನ. ಈಗ ಸಾಣಾಪುರದಾಗ ಫಾರಿನ್ ಮಂದಿಗೆ ಅಡಿಗಿ ಮಾಡಿ ಹಾಕ್ತಾನಂತ.”

“ಹಂಗಾರ ಅಲ್ಲೇ ಹೋಗಿ ಕೇಳ್ರಿ. ಯಾವ ಗಾಡಿ ಪೈಪ್ ಅಂತ ಅವ್ರು ಒಂದ ಮಾತು ಹೇಳಿದ್ರ ಸಾಕು, ಎಲ್ಲಿದ್ರೂ ತರಸ್ತೀನಿ. ಈ ದಪ್ಪಂದೊಂದು, ಸಣ್ಣದೊಂದು ಒಯ್ಯಿರಿ. ಬರಲಿಲ್ಲಂದ್ರ ವಾಪಸ್ ಕೊಡ್ರಿ.”

ಸಾಣಾಪುರದ ಕೆರೆಯ ಹತ್ತಿರ ಕೊಟ್ರಪ್ಪನ ಊಟದ ಮನೆ ಸಿಗಲು ತಡವಾಗಲಿಲ್ಲ. ಹುಲ್ಲಿನ ಮಾಡು, ಕೆಳಗೆ ಗಾದಿ, ಗಾದಿಯ ಮೇಲೆ ಅಡ್ಡಾದ ವಿದೇಶದವರು. ಜೀವನವೆಲ್ಲ ಗ್ರೀಸು ಮೆತ್ತಿಕೊಂಡಿದ್ದ ಕೊಟ್ರಪ್ಪ ಹೂವಿನ ಚಿತ್ರದ ಅಂಗಿ ತೊಟ್ಟು ಬಾಳೆಹಣ್ಣಿನ ದೋಸೆ ತಿರುವಿ ಹಾಕುತ್ತಿದ್ದ. ಹಂಪಣ್ಣ ಪೈಪನ್ನು ಅವನ ಮುಂದೆ ಹಿಡಿದ.

“ಕೊಟ್ರಾ, ಇದು ಯಾವ ಗಾಡಿದೋ?”

ಕೊಟ್ರಪ್ಪ ಸೌಟು ಬಿಟ್ಟು ಪೈಪು ಹಿಡಿದು ಪ್ರೀತಿಯಿಂದ ಸವರಿದ. “ಇದಾ? ಇದು ಯಾವ ಗಾಡಿದೂ ಅಲ್ಲ. ಸಣ್ಣ ಪೈಪ್ ತಗೊಂಡು ಕುದಿಯೋ ನೀರಾಗ ಹಾಕಿದ್ದೆ. ಮೆತ್ತಗಾದ ಮ್ಯಾಲ ಒನಕಿ ತುರುಕಿ ಬಾಯಿ ಅಗಲ ಮಾಡಿದ್ದೆ.”

ಇಂಥ ಪೈಪು ಲೋಕದಲ್ಲಿ ಎಲ್ಲೂ ತಯಾರಾಗಿಯೇ ಇರಲಿಲ್ಲ. ಹಂಪಣ್ಣ ಗಾದಿಯ ಮೇಲೆ ಕೂತುಬಿಟ್ಟ. ಮುದುಕವ್ವ ಮಾತ್ರ ಕೂರಲಿಲ್ಲ.

“ಒಮ್ಮೆ ಮಾಡಿದಾವ ಇನ್ನೊಮ್ಮೆ ಮಾಡು. ನಮ್ಮ ಎಮ್ಮಿ ಉಪಾಸ ಅದಾವು.”

ಕೊಟ್ರಪ್ಪನಿಗೆ ಹುರುಪು ಬಂತು. ಒಲೆಯ ಮೇಲೆ ನೂಡಲ್ಸಿಗೆಂದು ಇಟ್ಟಿದ್ದ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಸಣ್ಣ ಪೈಪನ್ನು ಅದರೊಳಗೆ ಬಿಟ್ಟ. ಗಾದಿಯಲ್ಲಿದ್ದ ಹೊಂಬಣ್ಣದ ಗಡ್ಡದವನೊಬ್ಬ ಎದ್ದು ಬಂದು ಇಣುಕಿ ನೋಡಿ, ಫೋಟೋ ತೆಗೆದುಕೊಂಡು, ಇದು ಮಾಂಸದ ಅಡುಗೆಯೇ, ತಾನು ಮಾಂಸ ತಿನ್ನುವುದಿಲ್ಲ ಎಂದು ಸನ್ನೆಯಲ್ಲಿ ತಿಳಿಸಿದ. ಕೊಟ್ರಪ್ಪ ಪೈಪನ್ನು ಮೇಲೆತ್ತಿ, ಲಟ್ಟಣಿಗೆ ತುರುಕಿ ಒತ್ತಿದ. ಒಂದು ಒತ್ತು ತಡೆಯಿತು. ಎರಡನೆಯದಕ್ಕೆ ಬಾಯಿ ಪಟ್ಟೆಂದು ಸೀಳಿತು.

“ಈಗಿನ ರಬ್ಬರಿನಾಗ ತಾಕತ್ತ ಇಲ್ಲ,” ಎಂದ ಕೊಟ್ರಪ್ಪ.

“ನಿನ್ನ ಕೈಯಾಗ ಇಲ್ಲ,” ಎಂದಳು ಮುದುಕವ್ವ.

ಕೊಟ್ರಪ್ಪನ ಹೆಂಡತಿ ಮಹೇಶ್ವರಿ ಒಳಗಿನಿಂದ ಬಂದು ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಮುದುಕವ್ವನ ಕೋಪ ಇಳಿಯಲೆಂದು ಅವಳಿಗೆ ಮಾತ್ರ ಸ್ಟೀಲಿನ ದೊಡ್ಡ ಗ್ಲಾಸಿನಲ್ಲಿ ತುಂಬ ಕೊಟ್ಟಳು. ಮುದುಕವ್ವ ಗ್ಲಾಸು ಎತ್ತಿ ಕುಡಿಯುವಾಗ ಹಂಪಣ್ಣ ಅದನ್ನೇ ನೋಡುತ್ತಿದ್ದ. ಮೇಲೆ ಅಗಲ, ಕೆಳಗೆ ಸಣ್ಣ. ಕಿರಾಣಿ ಅಂಗಡಿಯಲ್ಲಿ ಕೆಟ್ಟ ಬ್ಯಾಟರಿ ಕಂಡಾಗ ಬರುತ್ತಿದ್ದ ಹೊಳಪು ಅವನ ಕಣ್ಣಿಗೆ ಬಂತು.

“ಚಿಗವ್ವ, ಆ ಗ್ಲಾಸು ಇಲ್ಲಿ ಕೊಡು.”

“ಇನ್ನೂ ಮಜ್ಜಿಗಿ ಐತಿ.”

ಅವಳು ಬೇಕೆಂದೇ ನಿಧಾನವಾಗಿ ಕುಡಿದಳು. ಗ್ಲಾಸು ಕೈಗೆ ಸಿಕ್ಕೊಡನೆ ಹಂಪಣ್ಣ ಅದರ ಅಗಲ ಬಾಯಿಗೆ ದಪ್ಪ ಪೈಪನ್ನು ತೊಡಿಸಿದ. ಸರಿಯಾಗಿ ಕೂತಿತು. ಸಣ್ಣ ಪೈಪಿನ ಸೀಳಿದ ತುದಿ ಕತ್ತರಿಸಿ ಬುಡಕ್ಕೆ ತೊಡಿಸಿದ. ಅದೂ ಕೂತಿತು. ಬುಡ ಒಂದನ್ನು ಕೊಯ್ದು ತೆಗೆದರೆ ನೀರು ಸಲೀಸಾಗಿ ಹರಿಯುತ್ತಿತ್ತು.

“ಅದು ನಮ್ಮಪ್ಪ ಕೊಟ್ಟ ಗ್ಲಾಸು,” ಎಂದಳು ಮಹೇಶ್ವರಿ. “ನನ್ನ ಹೆಸರು ಕೆತ್ತಿಸಿ ಕೊಟ್ಟಾರ.”

“ಹೆಸರು ಅಲ್ಲೇ ಇರ್ತೈತ್ರಿ ಅಕ್ಕಾರ. ಬುಡ ಅಷ್ಟ ಹೋಗತೈತಿ.”

“ಬುಡ ಹೋದ ಗ್ಲಾಸಿನ್ಯಾಗ ನಾ ಏನು ಕುಡೀಲಿ?”

ಮುದುಕವ್ವ ಮಹೇಶ್ವರಿಯ ಪಕ್ಕಕ್ಕೆ ಹೋಗಿ ಕೂತು, “ಒಂದು ತಂಬಿಗಿ ತುಪ್ಪ ಕೊಡ್ತೀನಿ” ಎಂದಳು.

“ಎಮ್ಮಿದಾ?”

“ಎಮ್ಮಿದ. ನಾನ ಕಾಸಿದ್ದು. ನಾನ ತಂದು ಕೊಡ್ತೀನಿ.”

ಮಹೇಶ್ವರಿ ಗ್ಲಾಸನ್ನು ಕೊನೆಯ ಸಲ ತೊಳೆದು, ಒರೆಸಿ ಕೊಟ್ಟಳು.

ಕೊಟ್ರಪ್ಪ ದೋಸೆಯ ಜವಾಬ್ದಾರಿ ಹೆಂಡತಿಗೆ ಒಪ್ಪಿಸಿ ಇವರ ಜೊತೆ ಹೊರಟ. ದಾರಿಯಲ್ಲಿ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಗ್ಲಾಸಿನ ಬುಡ ಕೊಯ್ಯಿಸಿ ಅಂಚು ಉಜ್ಜಿಸಿದರು. ಬಿಗಿಯುವ ಕ್ಲಿಪ್ಪುಗಳಿಗೆಂದು ಶಾನವಾಜನ ಹತ್ತಿರ ನಿಂತರು. ಅವನು ಗ್ಲಾಸು ಕೂತ ಪೈಪನ್ನು ನೋಡಿದ. ಕಂಪ್ಯೂಟರ್ ಬಂದ್ ಮಾಡಿದ. ಅರ್ಧ ಷಟರ್ ಎಳೆದ.

“ನಡೀರಿ ಕಾಕಾ. ಈ ಗಾಡಿ ಒಂದ್ಸಲ ಕಣ್ಣಿಲೆ ನೋಡಬೇಕು.”

ನಾಲ್ವರೂ ಬೇವಿನ ಮರ ಮುಟ್ಟಿದಾಗ ಮೊದಲು ಕೂಗಿದವಳು ಮುದುಕವ್ವ. ಪಂಚರ್ ಅಂಗಡಿಯವನು ಲಾರಿಯನ್ನೇನೋ ನೋಡಿಕೊಂಡಿದ್ದ, ಅದು ಎಲ್ಲಿಗೂ ಹೋಗಿರಲಿಲ್ಲ. ಆದರೆ ಊರ ದನಗಳು ಒಂದು ಪಕ್ಕದ ಹುಲ್ಲನ್ನು ಕತ್ತು ಚಾಚಿದಷ್ಟು ಎತ್ತರದವರೆಗೆ ತಿಂದು ನುಣ್ಣಗೆ ಮಾಡಿದ್ದವು. ಹೊರೆ ಆ ಕಡೆಗೆ ವಾಲಿ ನಿಂತಿತ್ತು.

“ನೀವು ಲಾರಿ ನೋಡು ಅಂದಿದ್ರಿ. ಹುಲ್ಲು ನೋಡು ಅನ್ನಲಿಲ್ರಿ,” ಎಂದ ಪಂಚರ್ ಅಂಗಡಿಯವನು.

ಮುದುಕವ್ವ ಅವನಿಗೂ ದನಗಳಿಗೂ ಒಟ್ಟಿಗೇ ಬೈಯುತ್ತಿದ್ದಾಗ ಕೊಟ್ರಪ್ಪ ತನ್ನ ಮೊಣಕಾಲಿನ ಕಥೆ ಮರೆತು ಹೂವಿನ ಅಂಗಿಯಲ್ಲೇ ಲಾರಿಯಡಿ ನುಸುಳಿದ. ಶಾನವಾಜ ಸುತ್ತಲೂ ತಿರುಗಿ ನೋಡಿ, ಬಾಲ್ಕನಿ ಕುರ್ಚಿಯಲ್ಲಿ ಒಮ್ಮೆ ಕೂತು ಇಳಿದು, ಕ್ಲಿಪ್ಪು ಬಿಗಿಯಲು ಕೈಕೊಟ್ಟ. ಎರಡು ಪೈಪುಗಳ ನಡುವೆ ಗ್ಲಾಸು ಬೆರಳಗಲ ಹೊಳೆಯುತ್ತಿತ್ತು. ಆ ಸಂದಿಯಲ್ಲಿ ‘ಶ್ವರಿ’ ಎಂಬಷ್ಟು ಮಾತ್ರ ಓದಲು ಬರುತ್ತಿತ್ತು. ನೀರು ತುಂಬಿ ಹಂಪಣ್ಣ ಚಾಲೂ ಮಾಡಿದ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಎಂಜಿನ್ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಒಂದೇ ಸಮನೆ ಗುರ್ರೆನ್ನತೊಡಗಿತು. ಒಂದು ಹನಿಯೂ ಸೋರಲಿಲ್ಲ.

“ಆತೇನೋ?” ಎಂದು ಕೆಳಗಿನಿಂದ ಕೇಳಿದ ಕೊಟ್ರಪ್ಪ. “ಆಗಿದ್ರ ನನ್ನ ಕಾಲು ಹಿಡಿದು ಜಗ್ಗರಿ. ಏಳಾಕ ಬರವಲ್ದು.”

ಹಂಪಣ್ಣ ಒಂದು ಕಾಲು, ಶಾನವಾಜ ಒಂದು ಕಾಲು ಹಿಡಿದು ಅವನನ್ನು ಹೊರಗೆಳೆದರು. ಕ್ಲಿಪ್ಪಿನ ದುಡ್ಡು ಕೊಡಲು ಹೋದರೆ ಶಾನವಾಜ ತೆಗೆದುಕೊಳ್ಳಲಿಲ್ಲ. ಲಾರಿಯ ಮುಂದೆ ನಿಂತು ತನ್ನದೊಂದು ಫೋಟೋ ತೆಗೆಯಿರಿ, ಸಾಕು ಎಂದ.

ವಾಲಿದ ಹೊರೆಯೊಡನೆ ಏಳೂರ ಲಾರಿ ಸಂಜೆ ಇಳಿಬಿಸಿಲಿನಲ್ಲಿ ಕೊಪ್ಪಳ ದಾಟಿ ತಳಕಲ್ ಮುಟ್ಟಿತು. ಮುದುಕವ್ವ ಕೈಕಾಲು ತೊಳೆಯದೆ ಮೊದಲು ಎಮ್ಮೆಗಳ ಮುಂದೆ ಹುಲ್ಲು ಹಾಕಿದಳು. ಜೋಳದ ಕಣಿಕೆ ತಿಂದು ಬೆಳೆದ ಎಮ್ಮೆಗಳು ಒಮ್ಮೆ ಮೂಸಿ ಮುಖ ತಿರುಗಿಸಿದವು. “ನಾ ಅಗದು ನೋಡೀನಿ, ಛಲೋ ಐತಿ, ತಿನ್ನರಿ” ಎಂದು ಅವಳು ಗದರಿದಳು. ಬೆಲ್ಲದ ನೀರು ಚಿಮುಕಿಸಿದ ಮೇಲೆಯೇ ಅವು ಬಾಯಿ ಹಾಕಿದ್ದು.

ಕೆಲವು ದಿನ ಕಳೆದು ಮುದುಕವ್ವ ತುಪ್ಪದ ತಂಬಿಗೆ ಹಿಡಿದು ಬಸ್ಸಿನಲ್ಲಿ ಸಾಣಾಪುರಕ್ಕೆ ಹೋದಳು. ಕೊಟ್ಟು ಸಂಜೆಗೆ ಬರುತ್ತೇನೆಂದವಳು ಬರಲಿಲ್ಲ. ಮಹೇಶ್ವರಿ ಬಿಡಲಿಲ್ಲವಂತೆ. ಬಾಳೆಹಣ್ಣಿನ ದೋಸೆ ಬಾಯಿಗೆ ಹತ್ತಿತಂತೆ. ಹೊಂಬಣ್ಣದ ಗಡ್ಡದವನಿಗೆ ಕಡಗೋಲು ಹಿಡಿದು ಬೆಣ್ಣೆ ತೆಗೆಯುವುದನ್ನು ಕಲಿಸುತ್ತಿದ್ದಾಳಂತೆ. ಇದೆಲ್ಲ ಅವಳೇ ಫೋನಿನಲ್ಲಿ ಹೇಳಿ, “ಹಂಪಣ್ಣ, ನಾ ಬರೂತನಕ ಎಮ್ಮಿ ಹಿಂಡು, ಹುಲ್ಲು ಹಾಕು” ಎಂದು ಇಟ್ಟುಬಿಟ್ಟಳು.

ಹಂಪಣ್ಣ ಜೀವನದಲ್ಲಿ ಎಮ್ಮೆ ಹಿಂಡಿದವನಲ್ಲ. ತಂಬಿಗೆ ಹಿಡಿದು ಕೊಟ್ಟಿಗೆಗೆ ಹೋದ. ಒಂದು ಎಮ್ಮೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಧಾನವಾಗಿ ಹಿಂಗಾಲು ಎತ್ತಿತು.